ದಣಪೆಯ ಗಳವೆಂದು ಹೇಳಿದ್ದು

ಸುಧಾಕರ, ಆ ವರ್ಷದ ಹೋಳಿಯಲ್ಲಿ ಸುಟ್ಟುಹೋದ ಉಲಾಂಡಿಯನ್ನು ಒಣ ಸೋಗೆಯಲ್ಲಿ ಸುತ್ತಿ, ಹಗ್ಗ ಬಿಗಿದು, ನಿನ್ನ ತಲೆಯ ಮೇಲೆ ಇಟ್ಟವನು ನಾನು. ಕತ್ತಲಲ್ಲಿ ಕೈತಪ್ಪಿ ಆದದ್ದಲ್ಲ. ಅದು ಏನೆಂದು ನನಗೆ ಗೊತ್ತಿತ್ತು. ಯಾರಿಗಾಗಿ ಮಾಡಿದ್ದೆಂದೂ ಗೊತ್ತಿತ್ತು — ಗೊತ್ತಿದ್ದದ್ದರಿಂದಲೇ ಇಟ್ಟೆ.

ಇದನ್ನು ನೀನಲ್ಲದೆ ಬೇರೆಯವರೂ ಓದಬಹುದು, ಅದಕ್ಕೆ ಹೇಳುತ್ತೇನೆ. ನಮ್ಮ ಹಾರವಾಡದ ಕಡೆ ಸಣ್ಣ ಪಾತಿದೋಣಿ ಅಲೆಗೆ ಮಗುಚದಂತೆ ಅದರ ಪಕ್ಕಕ್ಕೆ ಎರಡು ಕೋಲುಗಳಿಂದ ಒಂದು ಹಗುರ ಮರದ ದಿಮ್ಮಿಯನ್ನು ಕಟ್ಟುತ್ತಾರೆ. ಅದೇ ಉಲಾಂಡಿ. ಅದಿಲ್ಲದೆ ಪಾತಿ ನೀರಿಗಿಳಿಯುವುದಿಲ್ಲ. ನಿನ್ನ ಅಪ್ಪ ತೀರಿಕೊಂಡ ಮೇಲೆ ಅವರ ಪಾತಿ ನಿಮ್ಮ ಮನೆಯ ಹಿಂದೆ ನಾಲ್ಕು ವರ್ಷ ಬೋರಲು ಬಿದ್ದಿತ್ತು, ಅದರ ಉಲಾಂಡಿಯನ್ನು ಗೆದ್ದಲು ತಿಂದುಹಾಕಿತ್ತು. ನೀನು ಕಾಕಾ ಎನ್ನುತ್ತಿದ್ದ ನನ್ನ ಅಪ್ಪ ಹಾಲಿವಾಣದ ಒಂದು ದಿಮ್ಮಿ ತಂದು, ಒಂದು ತಿಂಗಳು ಕೂತು, ಹೊಸದನ್ನು ಕೆತ್ತಿದರು. ಹೋಳಿ ಮುಗಿದ ಮರುವಾರ ನೀನು ನಿನ್ನ ಅಪ್ಪನ ದೋಣಿಯನ್ನು ಕಡಲಿಗೆ ಇಳಿಸುವುದೆಂದು ಮಾತಾಗಿತ್ತು.

ಆ ಒಂದು ತಿಂಗಳು ನಾನು ಹೇಗೆ ಕಳೆದೆನೋ ನಿನಗೆ ಗೊತ್ತಿಲ್ಲ. ನಾನಾಗ ಕಾರವಾರದ ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ಬಸ್ಸಿಳಿದು ಬಂದರೆ ಹಿತ್ತಿಲಲ್ಲಿ ನೀವಿಬ್ಬರು. ಅಪ್ಪ ಬಾಚಿಯಿಂದ ಕೆತ್ತುತ್ತಿದ್ದರೆ ನೀನು ಎದುರು ಕೂತು ಚಕ್ಕೆ ಹೆಕ್ಕುತ್ತಿದ್ದೆ. ಮಾತೇ ಇಲ್ಲ. ಅಪ್ಪ ಕೈ ಚಾಚಿದರೆ ಯಾವ ಉಳಿ ಬೇಕೆಂದು ನಿನಗೆ ತಿಳಿಯುತ್ತಿತ್ತು. ನಾನು ಹತ್ತಿರ ಹೋದರೆ ಇಬ್ಬರೂ ತಲೆಯೆತ್ತಿ, ಮನೆಗೆ ಬಂದ ನೆಂಟನನ್ನು ಮಾತಾಡಿಸುವ ಹಾಗೆ, ಚಾ ಕುಡಿದೆಯಾ ಎಂದು ಕೇಳುತ್ತಿದ್ದಿರಿ. ನನ್ನ ಅಪ್ಪ, ನನ್ನ ಹಿತ್ತಿಲು — ನೆಂಟ ಮಾತ್ರ ನಾನು.

ಕಡಲು ನನಗೆ ಒಗ್ಗಲಿಲ್ಲ, ನಿಜ. ಹನ್ನೆರಡನೆಯ ವರ್ಷಕ್ಕೆ ಅಪ್ಪ ಮೊದಲ ಸಲ ಕರೆದೊಯ್ದಾಗ ದೋಣಿಯ ತುಂಬ ವಾಂತಿ ಮಾಡಿಕೊಂಡೆ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಅವರು ಕರೆಯಲಿಲ್ಲ. ನಿನಗೆ ಪೆನ್ನೇ ಸರಿ ಅಂದರು. ಬೈದು ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೋ ಏನೋ, ಪ್ರೀತಿಯಿಂದಲೇ ಅಂದರು. ನಿನ್ನ ವಿಷಯ ಬಂದರೆ ಮಾತ್ರ ಅವರ ದನಿಯೇ ಬೇರೆ. ಊಟಕ್ಕೆ ಕೂತಾಗ ಅಮ್ಮನಿಗೆ, ನಮ್ಮ ಆಯಿಗೆ, ಹೇಳುತ್ತಿದ್ದರು — ಆ ಹುಡುಗ ನೀರಿನ ಬಣ್ಣ ನೋಡಿ ಮೀನು ಹೇಳ್ತಾನೆ. ನಾನು ತಟ್ಟೆ ನೋಡುತ್ತಾ ಕೂತಿರುತ್ತಿದ್ದೆ. ನಾನು ಪರೀಕ್ಷೆಯಲ್ಲಿ ಮೊದಲು ಬಂದ ದಿನ ಆ ದನಿ ಕೇಳಲು ಕಾದೆ. ಅವರು ಪೇಟೆಯಿಂದ ಜಿಲೇಬಿ ತಂದರು — ಅರ್ಧ ಪೊಟ್ಟಣ ಕಟ್ಟಿಸಿ ನಿಮ್ಮ ಮನೆಗೆ ಕಳಿಸಿದರು. ಅದನ್ನು ಒಯ್ದು ಕೊಟ್ಟವನೂ ನಾನೇ. ಹೊಟ್ಟೆಕಿಚ್ಚು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಅದು ನಿಜಕ್ಕೂ ಅಲ್ಲೇ ಉರಿಯುತ್ತದೆ.

ಹೋಳಿಯ ರಾತ್ರಿ ನೆನಪಿದೆಯಲ್ಲ? ಮಾರಿನೆತ್ತರದ ರಾಶಿ ಏರಿಸಬೇಕೆಂದು ನಾವು ಏಳೆಂಟು ಜನ ಮನೆಮನೆಯ ಹಿತ್ತಿಲಿಗೆ ನುಗ್ಗಿ ಸೌದೆ ಕದಿಯುತ್ತಿದ್ದೆವು. ಕದಿಯುವುದೇ ಪದ್ಧತಿ. ಕೇಳಿ ತಂದರೆ ಹೋಳಿಗೆ ಸಲ್ಲದು. ರಾಶಿಗೆ ಬಿದ್ದದ್ದನ್ನು ಯಜಮಾನ ಮರಳಿ ಕೇಳುವಂತಿಲ್ಲ, ಮರುದಿನ ಎರಡು ಬೈಗುಳ ಬೈದು ಸುಮ್ಮನಾಗಬೇಕು. ಸೌದೆ ಯಾರದೇ ಇರಲಿ, ಹೊತ್ತು ತಂದು ಹಾಕಿದವನಿಗೇ ಅದರ ಪುಣ್ಯ, ತಪ್ಪಾದರೆ ಪಾಪವೂ. ಆದರೆ ಕಡಲಿನ ಸಾಮಾನು ಮುಟ್ಟುವಂತಿಲ್ಲ. ಹುಟ್ಟು, ದೋಣಿಯ ಹಲಗೆ, ಉಲಾಂಡಿ — ಇವುಗಳಲ್ಲಿ ಒಂದನ್ನು ಹೋಳಿಗೆ ಹಾಕಿದವನನ್ನು ಯಾರೂ ತಮ್ಮ ದೋಣಿಗೆ ಹತ್ತಿಸಿಕೊಳ್ಳುವುದಿಲ್ಲ. ಇದು ನಮ್ಮ ಕೇರಿಯ ಚಿಕ್ಕ ಮಕ್ಕಳಿಗೂ ಗೊತ್ತು.

ನಮ್ಮ ಮನೆಯನ್ನೂ ಬಿಡುವುದು ಬೇಡ ಎಂದವನು ನಾನೇ. ಎಲ್ಲರೂ ನಕ್ಕರು, ಸ್ವಂತ ಮನೆಗೆ ಕನ್ನ ಹಾಕುವವನನ್ನು ಈಗಲೇ ನೋಡಿದ್ದು ಎಂದರು. ಉಳಿದವರನ್ನು ಬೇಲಿಯ ಹೊರಗೆ ನಿಲ್ಲಿಸಿ ಒಬ್ಬನೇ ಒಳಗೆ ಹೋದೆ. ಹುಣ್ಣಿಮೆಯಾದರೂ ತೆಂಗಿನ ಮರಗಳ ಕೆಳಗೆ ಬೆಳಕಿರಲಿಲ್ಲ. ಬಿಸಿಲಿಗೆ ಬಿರುಕು ಬಿಡದಿರಲೆಂದು ಅಪ್ಪ ಉಲಾಂಡಿಯ ಮೇಲೆ ಹಳೆಯ ಬಲೆ ಹೊದೆಸಿದ್ದರು. ಬಲೆ ತೆಗೆದೆ. ಮರ ನುಣ್ಣಗಿತ್ತು, ಹಗ್ಗ ಬಿಗಿಯಲು ತುದಿಯಲ್ಲಿ ಕೊರೆದ ಎರಡು ತೂತುಗಳ ಅಂಚನ್ನೂ ಅವರು ಉಜ್ಜಿ ಉಜ್ಜಿ... ಆಗಲಾದರೂ ನಿಲ್ಲಬಹುದಿತ್ತು. ಸೋಗೆ ಸುತ್ತಿ ಕಟ್ಟಿದೆ. ಬೇಲಿಯಾಚೆಗೆ ನಿನ್ನನ್ನೇ ಹೆಸರು ಹಿಡಿದು ಕರೆದೆ. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ನನ್ನ ತಲೆಯೂ ಇತ್ತು.

ಏನಿದು ಎಂದು ಕೇಳಿದೆ ನೀನು. ದಣಪೆಯ ಹಳೇ ಗಳ ಅಂದೆ ನಾನು. ನಮ್ಮ ಅಂಗಳದ ಬಾಗಿಲಿಗೆ ಅಡ್ಡ ಹಾಕುತ್ತಿದ್ದ ಗಳ ಮುರಿದದ್ದು ನಿನಗೂ ಗೊತ್ತಿತ್ತಲ್ಲ, ನೀನು ನಂಬಿದೆ. ಕಾಕಾನ ಬೈಗುಳ ನಾಳೆ ನಿನಗೇ ಎಂದು ನಗುತ್ತಾ ತಲೆಗೇರಿಸಿಕೊಂಡೆ.

ಮೈದಾನದಲ್ಲಿ ಅಂಕೋಲೆಯ ಕಡೆಯಿಂದಲೂ ಜನ ಬಂದಿದ್ದರು, ಕಾಲಿಡಲು ಜಾಗವಿರಲಿಲ್ಲ. ಬೆಂಕಿ ಆಗಲೇ ಹತ್ತಿತ್ತು. ಹುಡುಗರು ಬಾಯಿಗೆ ಕೈ ಬಡಿದುಕೊಂಡು ಬೊಬ್ಬೆ ಹೊಡೆಯುತ್ತಿದ್ದರು. ನೀನು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಎರಡು ಕೈಯಲ್ಲಿ ಹೊರೆಯನ್ನೆತ್ತಿ ನಡುಬೆಂಕಿಗೆ ಎಸೆದೆ. ಸೋಗೆ ಭಗ್ಗೆಂದಾಗ ಜನ ಕೂಗಿದರು. ನೀನು ತಿರುಗಿ ಗುಂಪಿನಲ್ಲಿ ನನ್ನನ್ನೇ ಹುಡುಕಿ ನಕ್ಕೆ. ನಾನೂ ನಕ್ಕೆ ಸುಧಾಕರ. ಆ ಹೊತ್ತಿಗೆ ನನ್ನ ಮೈಯೆಲ್ಲ ಹಗುರವಾಗಿತ್ತು, ಅದನ್ನು ಬರೆಯದೆ ಬಿಟ್ಟರೆ ಇದೆಲ್ಲ ಬರೆದದ್ದು ಸುಳ್ಳಾಗುತ್ತದೆ.

ಬೆಳಿಗ್ಗೆ ಬೂದಿಯ ಅಂಚಿನಲ್ಲಿ ಒಂದು ಮೊಳದಷ್ಟು ತುಂಡು ಉಳಿದಿತ್ತು, ಎರಡು ತೂತುಗಳ ಸಮೇತ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಕೇರಿಯ ಹಿರಿಯರು ಸುತ್ತ ಸೇರಿದ್ದರು. ನೀನು ನನ್ನ ಮುಖ ನೋಡಿದೆ. ನಾನೇನಾದರೂ ಹೇಳುತ್ತೇನೆಂದು ಕಾದೆ. ಕತ್ತಲಲ್ಲಿ ನಾನು ಗಳವೆಂದು ತಿಳಿದು ಇದನ್ನು ಎತ್ತಿಕೊಂಡೆ ಎಂದು ನಿನ್ನ ಎಣಿಕೆ. ನಾನು ಬಾಯಿ ಬಿಡಲಿಲ್ಲ. ಆಗ ನೀನು ಮುಂದೆ ಬಂದು ಹೇಳಿದೆ:

"ಕಾಕಾ, ನಾನೇಯ ಹೊತ್ಕಂಡ್ ಬಂದದ್ದು. ನೋಡ್ಲಿಲ್ಲ ನಾನು."

ನನ್ನ ಹೆಸರು ಹೇಳಲಿಲ್ಲ. ಅಷ್ಟು ಸಾಕಾಯಿತು ಹಿರಿಯರಿಗೆ.

ಅಪ್ಪ ಮನೆಗೆ ಬಂದರು. ನಾನು ಹಿಂದೆಯೇ ಬಂದೆ. ಹಿತ್ತಿಲ ಕಟ್ಟೆಯ ಮೇಲೆ ಆ ಹಳೆಯ ಬಲೆ ಇತ್ತು — ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ಅವರೇ ನನಗೆ ಚಿಕ್ಕಂದಿನಲ್ಲಿ ಕಲಿಸಿದ ಹಾಗೆ. ಯಾವಾಗ ಮಡಚಿದೆನೋ ನನಗೇ ನೆನಪಿರಲಿಲ್ಲ, ಕೈ ತನ್ನ ಪಾಡಿಗೆ ಮಾಡಿತ್ತು. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಕಳ್ರು ಬಲೆ ಮಡಚಿ ಇಡೂದಿಲ್ಲ ತಮಾ," ಅಂದರು.

ಅಷ್ಟೇ. ಅದರ ಮೇಲೆ ಸಾಯುವ ತನಕ ಆ ಮಾತೆತ್ತಲಿಲ್ಲ. ಆ ಸಂಜೆಯೇ ಹಿರಿಯರು ನಮ್ಮ ಜಗಲಿಯಲ್ಲಿ ಕೂತು, ಇನ್ನು ಈ ಹುಡುಗನನ್ನು ಯಾರೂ ದೋಣಿಗೆ ಕರೆಯುವುದು ಬೇಡ ಎಂದಾಗ, ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಎಲೆಯಡಿಕೆ ತಟ್ಟೆಯನ್ನು ಮುಂದೆ ಸರಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನಿನಗೂ ನನಗೂ ನಡುವೆ ಅವರು ನನ್ನನ್ನು ಆರಿಸಿಕೊಂಡಿದ್ದರು. ಎಷ್ಟೋ ವರ್ಷಗಳಿಂದ ನಾನು ಬೇಡಿಕೊಂಡದ್ದು ಅದೇ — ಸಿಕ್ಕಿತು. ನನಗೆ ಸಂತೋಷವಾಯಿತು. ಒಳಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮುಂದಿನದು ನಿನಗೆ ಗೊತ್ತು. ನೀನು ಗೋವೆಯ ಟ್ರಾಲರಿನಲ್ಲಿ ಅನ್ಯರ ಬಲೆ ಎಳೆಯಲು ಹೋದೆ. ನಿನ್ನ ಅಪ್ಪನ ಪಾತಿ ಬಿದ್ದಲ್ಲೇ ಮಣ್ಣಾಯಿತು. ನಾನು ಕಾರವಾರದಲ್ಲಿ ಕಚೇರಿಯ ಕುರ್ಚಿ ಹಿಡಿದೆ. ಅಪ್ಪ ಮತ್ತೆ ಬಾಚಿ ಮುಟ್ಟಲಿಲ್ಲ. ನನ್ನೊಡನೆ ಮೊದಲಿಗಿಂತ ಮೃದುವಾಗಿ ಮಾತಾಡುತ್ತಿದ್ದರು, ಆದರೆ ಸಂಜೆ ಹೊತ್ತು ಹಿತ್ತಿಲಲ್ಲಿ ಒಬ್ಬರೇ ಕೂತಿರುತ್ತಿದ್ದರು. ಆ ಎದುರಿನ ಜಾಗ ಖಾಲಿಯಿತ್ತು. ನಾನು ಒಂದೆರಡು ಸಲ ಹೋಗಿ ಕೂತು ನೋಡಿದೆ. ಚಾ ಕುಡಿದೆಯಾ ಎಂದು ಕೇಳಿದರು.

ನೀನು ಪ್ರತಿ ಹೋಳಿಗೂ ಊರಿಗೆ ಬಂದೆ. ಸದಾಶಿವಗಡದಲ್ಲಿ ಮನೆ ಮಾಡಿ, ಹಗ್ಗ-ಬಲೆಯ ಅಂಗಡಿ ಇಟ್ಟ ಮೇಲೂ ಬಂದೆ. ಬರುವಾಗ ಹಾಲಿವಾಣದ ಒಂದು ದಿಮ್ಮಿ ತಂದು ಹಿತ್ತಿಲಲ್ಲಿ ಮಲಗಿಸಿ, ಮನಸ್ಸು ಬಂದರೆ ಕೆತ್ತಿ ಕಾಕಾ ಎಂದು ಹೇಳಿ ಹೋಗುತ್ತಿದ್ದೆ. ನೀನು ಸುಟ್ಟದ್ದಕ್ಕೆ ಬದಲಾಗಿ. ಅಪ್ಪ ಕೆತ್ತಲಿಲ್ಲ, ಎಸೆಯಲೂ ಇಲ್ಲ. ಒಂದೊಂದರ ಮೇಲೂ ಬಲೆ ಹೊದೆಸುತ್ತಿದ್ದರು. ಹೊದೆಸುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಅವರು ಹೋಗಿ ವರ್ಷವಾಗುತ್ತಾ ಬಂತು. ಇನ್ನು ನೀನು ಬರಲಾರೆ ಎಂದುಕೊಂಡಿದ್ದೆ. ಮೊನ್ನೆ ಹೋಳಿ ಹುಣ್ಣಿಮೆಗೆ ಕಚೇರಿಯಿಂದ ಬಂದು ನೋಡಿದರೆ ಹಿತ್ತಿಲಲ್ಲಿ ಹೊಸ ದಿಮ್ಮಿ. ಆಯಿ ಹೇಳಿದಳು — ಸುಧಾಕರ ಬಂದಿದ್ದ, ಕಾಕಾ ಇಲ್ಲದಿದ್ದರೇನು, ನನ್ನ ಮನಸ್ಸಿಗೆ ಸಮಾಧಾನವಾಗಲಿ ಅಂದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಪ್ಪಿಗೆ ನೀನು ಎಷ್ಟು ಹೋಳಿ ದಿಮ್ಮಿ ಹೊತ್ತೆ, ಮಾರಾಯ.

ಬರೆದು ಕಳಿಸಿದರೆ ಸಾಲದು, ಭಾನುವಾರ ಬರುತ್ತೇನೆ. ಈ ಹೊಸ ದಿಮ್ಮಿಯನ್ನು ತರುತ್ತೇನೆ. ಬಸ್ಸಿನ ಮೇಲೆ ಹಾಕಿ, ಕಾಳಿ ಸೇತುವೆ ದಾಟಿ, ಅಲ್ಲಿಂದ ನಿನ್ನ ಅಂಗಡಿಯವರೆಗೆ ತಲೆಯ ಮೇಲೆ ಹೊತ್ತು. ಕೂತ್ಕೋ ಎನ್ನುವ ಮೊದಲೇ, ನಿನ್ನ ಹೆಂಡತಿ ಮಕ್ಕಳು ಅಂಗಡಿಯಲ್ಲಿದ್ದರೆ ಅವರ ಎದುರಿಗೇ, ಹೇಳುತ್ತೇನೆ. ಆಮೇಲೆ ಕೇರಿಗೆ ಬಂದು, ಅಂದು ಜಗಲಿಯಲ್ಲಿ ಕೂತ ಹಿರಿಯರಲ್ಲಿ ಉಳಿದಿರುವ ಇಬ್ಬರಿಗೂ ಹೇಳುತ್ತೇನೆ. ಅದರಿಂದ ನಿನ್ನ ಅಪ್ಪನ ಪಾತಿ ಮರಳಿ ಬರುವುದಿಲ್ಲ. ನೀನು ಬಾಗಿಲು ಹಾಕಿಕೊಂಡರೆ ದಿಮ್ಮಿಯನ್ನು ಮೆಟ್ಟಿಲ ಹತ್ತಿರ ಇಳಿಸಿ ಬರುತ್ತೇನೆ.

ಹೊತ್ತವನು ನೀನು, ನೋಡದೆ ಹೊತ್ತೆ. ಕಟ್ಟಿದವನು ನಾನು. ನಾನು ನೋಡಿಯೇ ಕಟ್ಟಿದ್ದು.