ರಪೂಲಾನ ದೊಡ್ಡಿಯಲ್ಲಿ ಮೊಸಿದಿಯ ಹಸುಗಳು

ಮೊಸಿದಿಗೆ ಏಳು ಹಸು. ಒಂದು, ಗಣಿಗೆ ದುಡಿಯಲು ಹೋಗಿ ಬರೀ ಕೆಮ್ಮು ಹೊತ್ತು ಬಂದು ಸತ್ತ ಗಂಡ ಬಿಟ್ಟುಹೋದದ್ದು. ಎರಡು, ಅವಳು ಜೋಳದ ಬೀರು ಕಾಯಿಸಿ ಮಾರಿ ಕೊಂಡದ್ದು. ಉಳಿದವು ಇವಕ್ಕೇ ಹುಟ್ಟಿದವು. ಮೇಯಿಸಲು ಮನೆಯಲ್ಲಿ ಆಳಿಲ್ಲದ್ದರಿಂದ, ನಮ್ಮಲ್ಲಿ ಎಲ್ಲರೂ ಮಾಡುವ ಹಾಗೆ, ಗಂಡನ ಚಿಕ್ಕಪ್ಪನ ಮಗ ರಪೂಲಾನ ದೊಡ್ಡಿಯಲ್ಲಿ ಬಿಟ್ಟಿದ್ದಳು. ಹಾಲು ಅವನಿಗೆ, ಉಳುಮೆ ಅವನಿಗೆ, ಆಗೊಮ್ಮೆ ಈಗೊಮ್ಮೆ ಒಂದು ಕರುವೂ ಅವನಿಗೆ. ಹಸು ಮಾತ್ರ ಅವಳದು. ಇದಕ್ಕೆಲ್ಲ ಯಾರೂ ಕಾಗದ ಬರೆಯುವುದಿಲ್ಲ.

ರಪೂಲಾ ಎಂಥವನೆಂದರೆ, ಎರವಲು ಕೋಟು ತೊಟ್ಟರೂ ಅದರ ಜೇಬಿನಲ್ಲಿ ಕೈಯಿಟ್ಟುಕೊಂಡು ನಡೆಯುವವನು. ತಗಡು, ಸಿಮೆಂಟು ಅಂತ ಅಂಗಡಿಯಿಂದ ಸಾಲಕ್ಕೆ ತಂದ, ಮನೆ ಕಟ್ಟಿಸಿದ, ಕೊಡದೆ ಕೂತ. ಅಂಗಡಿಯವನು, ಊರ ದೊರೆ ಕೂತು ನ್ಯಾಯ ಹೇಳುವ ಕೂಟದಲ್ಲಿ ದಾವೆ ಹೂಡಿ ಗೆದ್ದ. ದನ ಜಪ್ತಿ ಮಾಡಲು ಕೂಟದ ಪೊಲೀಸ ದೊಡ್ಡಿಗೆ ಬಂದ ದಿನ, ರಪೂಲಾನ ಮಗನಿಗೆ ಹೆಣ್ಣು ಕೊಡುವ ಮಾತಿಗೆ ಹುಡುಗಿಯ ಸೋದರಮಾವಂದಿರು ಬಂದು ಕೂತಿದ್ದರು. ಅವರಿಗೆ ಈ ಮಹಾನುಭಾವ ದೊಡ್ಡಿಯನ್ನೆಲ್ಲ ತನ್ನದೆಂದು ತೋರಿಸಿ ಮುಗಿಸಿದ್ದ.

"ಇವೆಲ್ಲ ನಿನ್ನವೇನಯ್ಯಾ?" ಅಂದ ಪೊಲೀಸ.

"ಮತ್ಯಾರವು, ನಿಮ್ಮಪ್ಪನವಾ?"

"ಏಳರ ಮೈಮೇಲೆ ಸುಟ್ಟ ಮುದ್ರೆ ಬೇರೆ ಥರ ಇದೆಯಲ್ಲ."

"ನಮ್ಮ ಮನೆತನದ್ದೇ. ಮುಂದಕ್ಕೆ ನಡಿ."

ಜಪ್ತಿಯಾದ ಆ ಏಳು ಹಸುಗಳೇ ಮುಂದಕ್ಕೆ ನಡೆದವು. ವಾರದೊಳಗೆ ಹರಾಜಾಗಿ, ಏಳನ್ನೂ ಮಾಂಸದಂಗಡಿಯ ಸೆಕೊಕೊ ಕೊಂಡ.

ಮೊಸಿದಿಗೆ ಸುದ್ದಿ ತಲುಪಿದ್ದು ನೀರಿನ ನಲ್ಲಿಯ ಹತ್ತಿರ. ಬಿಂದಿಗೆ ತುಂಬಿಸಿ, ಮನೆಯಲ್ಲಿಟ್ಟು, ಆಮೇಲೆ ರಪೂಲಾನಲ್ಲಿಗೆ ಹೋದಳು.

"ಏನು ಮಾಡ್ಲಿ ಅತ್ತಿಗೆ, ಬೀಗರು ಕೂತಿದ್ರು. ಬಾಯಿ ಬಿಡೋ ಹಂಗಿರ್ಲಿಲ್ಲ."

"ಸುಮ್ನಿದ್ದಿದ್ರೂ ಆಗ್ತಿತ್ತಲ್ಲಪ್ಪಾ. ನೀನು ಬಾಯಿ ಬಿಟ್ಟೇ ಹಸು ಹೋಗಿದ್ದು."

ಮೊಸಿದಿ ಕೊಟ್ಟ ದೂರಿಗೆ ದೊರೆಯ ಕೂಟ ಸೇರಿತು. ಬೀಗರೂ ತಮ್ಮ ಮಡಚುವ ಕುರ್ಚಿ ತಂದು ಕೂತರು. ಸೆಕೊಕೊ ಎದೆ ಉಬ್ಬಿಸಿ ಎದ್ದ.

"ದೊರೆಗಳೇ, ನಿಮ್ಮ ಪೊಲೀಸನೇ ಕೂಗಿ ಮಾರಿದ್ದು. ನಾನೇನು ಕದ್ದಿದ್ದೀನಾ?"

ದೊರೆ ಮೊಸಿದಿಯ ಕಡೆ ತಿರುಗಿದ. "ನಿನ್ನವು ಅನ್ನೋದಕ್ಕೆ ಏನಮ್ಮಾ?"

ಅವಳು ಕೂತಲ್ಲಿಂದಲೇ ಶುರುಮಾಡಿದಳು. ಬಿಳಿಮುಖದ್ದು ಯಾರ ಮಗಳು, ಅದರ ತಾಯಿ ಯಾವ ಮಳೆಗಾಲ ಹುಟ್ಟಿತು, ಮುರಿದ ಕೊಂಬಿನದರ ಅಜ್ಜಿಯನ್ನು ಯಾರ ಕೈಯಿಂದ ಕೊಂಡದ್ದು. ಮಕ್ಕಳ ಹೆಸರು ಹೇಳುವ ಹಾಗೆ ಏಳನ್ನೂ ಹೇಳಿ ನಿಲ್ಲಿಸಿದಳು.

"ಈಗ ನೀನು ಹೇಳು ರಪೂಲಾ," ಅಂದ ದೊರೆ. "ಬಿಳಿಮುಖದ್ದರ ತಾಯಿ ಯಾವುದು?"

"ಅದಾ... ಅದು ಆ ಕೆಂದದ್ದು, ದೊರೆ."

"ಯಾವ ಕೆಂದದ್ದು?"

"ಇನ್ನೊಂದಿತ್ತಲ್ಲ... ಕೆಂದದ್ದು."

"ಹಾಲು ಕುಡಿದಿದ್ದು ಗೊತ್ತು, ಕೆಚ್ಚಲು ಯಾರದು ಅಂತ ಗೊತ್ತಿಲ್ಲ!" ಅಂದಳು ಹಿಂದಿನ ಸಾಲಿನ ಒಬ್ಬ ಮುದುಕಿ. ಕೂಟವೇ ನಕ್ಕಿತು. ಬೀಗರು ನಗಲಿಲ್ಲ, ಕುರ್ಚಿ ಮಡಚಿ ಎದ್ದರು.

ದೊರೆ ಅಂದ: "ಸಾಲ ರಪೂಲಾನದು. ಇವನದಲ್ಲದ ಹಸುವನ್ನ ನಮ್ಮ ಕೂಟವೇ ಮಾರಿದ್ರೂ ಅದು ಮಾರಿದ ಹಾಗಲ್ಲ. ವಿಚಾರಿಸದೆ ಹೊಡ್ಕೊಂಡು ಬಂದಿದ್ದು ನಮ್ಮ ತಪ್ಪು. ಸೆಕೊಕೊ, ಹಸು ಬಿಡು. ದುಡ್ಡು ಅಂಗಡಿಯವನಿಂದ ವಾಪಸು ಕೊಡಿಸ್ತೀನಿ."

"ಎರಡು ಆಗ್ಲೇ ಕಡಿದಾಯ್ತಲ್ಲ, ದೊರೆ?"

"ಅವೆರಡನ್ನ ರಪೂಲಾ ತುಂಬಿಕೊಡ್ತಾನೆ."

ಕಡಿದ ಎರಡು ಯಾವುವೆಂದು ಮೊಸಿದಿ ಕೇಳಲಿಲ್ಲ. ಸೆಕೊಕೊನ ಬೇಲಿಯ ಹತ್ತಿರ ಹೋಗಿ ನೋಡಿ, ಯಾವುವಿಲ್ಲ ಅಂತ ತಾನೇ ತಿಳಿದುಕೊಂಡಳು. ಒಂದು, ಗಂಡ ಬಿಟ್ಟುಹೋದದ್ದು. ಬೇಲಿಯ ಬಾಗಿಲು ತೆಗೆದು ಉಳಿದ ಐದನ್ನು ಹೊರಗೆ ಬಿಟ್ಟಳು.

ರಪೂಲಾ ಹಿಂದೆಯೇ ಬಂದಿದ್ದ. "ಅತ್ತಿಗೆ, ಈ ಐದನ್ನಾದ್ರೂ ನನ್ನ ದೊಡ್ಡಿಗೇ ಹೊಡೀಲಾ? ಜನ ಏನಂದ್ಕೊಳ್ಳಲ್ಲ?"

ಮೊಸಿದಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಹೊಡಿ. ನನ್ನ ಮನೆ ತನಕ. ಅಲ್ಲಿಂದ ನನ್ನ ತಂಗಿ ಗಂಡ ಹೊಡ್ಕೊಂಡು ಹೋಗ್ತಾನೆ."

ಸಂತೆಬೀದಿಯ ನಡುವೆ, ಎಲ್ಲರೂ ನೋಡುತ್ತಿರುವಾಗ, ಅವಳು ಮುಂದೆ ನಡೆದಳು. ನಡುವೆ ಐದು ಹಸು. ಕೊನೆಯಲ್ಲಿ, ಕೋಲು ಹಿಡಿದು ಧೂಳು ತಿನ್ನುತ್ತ, ರಪೂಲಾ.