ಇಪ್ಪತ್ತೆಂಟರ ಒಳಗೆ

ಸಿದ್ದಣ್ಣ ಆ ಬೆಳಿಗ್ಗೆ ಇಪ್ಪತ್ತೇಳು ನಿಮಿಷ ನಲವತ್ತೊಂದು ಸೆಕೆಂಡಿಗೆ ಬಂದಿದ್ದ. ಇಪ್ಪತ್ತೆಂಟು ನಿಮಿಷ ಹನ್ನೊಂದು ಸೆಕೆಂಡು ಎಂದು ನಾನು ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ, ನೋಡಿಯೇ ಹೇಳಿದ್ದು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು, ಅಂಕಿ ಕಣ್ಣೆದುರಿಗಿತ್ತು, ನಾಲಿಗೆ ಮಾತ್ರ — ನಾಲಿಗೆಯೂ ನನ್ನದೇ, ಅದನ್ನು ಇನ್ಯಾರ ತಲೆಗೂ ಕಟ್ಟಲಾರೆ.

ಇದಾಗಿ ಆರು ವರ್ಷ. ಸಿದ್ದಣ್ಣನಿಗೆ ಆಗ ಮೂವತ್ತೈದು, ಈಗ ನಲವತ್ತೊಂದು. ಈಗಲೂ ಅವನು ಸೈಕಲ್ ರೇಸಿನ ಸಂಬಳದಲ್ಲೇ ಸಂಸಾರ ನಡೆಸುತ್ತಾನೆ. ಅವನ ಓರಗೆಯವರು ಮೆಟ್ಟಿಲು ಹತ್ತುವಾಗ ಮೊಣಕಾಲು ಸವರಿಕೊಳ್ಳುತ್ತಾರೆ. ಇವನು ಭದ್ರಾವತಿಯಿಂದ ಹೊರಟು ತರೀಕೆರೆ ಮುಟ್ಟಿ, ಮನೆಗೆ ಬಂದು ತಿಂಡಿ ತಿನ್ನುತ್ತಾನೆ. ಅಂಥ ಮನುಷ್ಯನ ಜೊತೆ ಒಂದೇ ತಂಡದಲ್ಲಿ ಹತ್ತು ವರ್ಷ ತುಳಿದೆ ಎಂಬ ಹೆಮ್ಮೆ ನನಗಿದೆ. ಆ ಹೆಮ್ಮೆಯ ಪಕ್ಕದಲ್ಲೇ ಈ ಮೂವತ್ತು ಸೆಕೆಂಡೂ ಇದೆ.

ನಮ್ಮ ತಂಡದ ಪದ್ಧತಿ ಹೇಳದಿದ್ದರೆ ನನ್ನ ತಪ್ಪಿನ ತೂಕ ತಿಳಿಯುವುದಿಲ್ಲ. ಪ್ರತಿ ಡಿಸೆಂಬರಿನಲ್ಲಿ ಹಿರಿಯ ಸವಾರರು ಮುಂದಿನ ಸೀಸನ್ನಿಗೆ ಮೂರು ರೇಸ್ ಆರಿಸಿ ಮ್ಯಾನೇಜರಿಗೆ ಕೊಡಬೇಕು. ಆ ಮೂರರಲ್ಲಿ ಇಡೀ ತಂಡ ಮುಂದೆ ತುಳಿದು ನಿಮಗಾಗಿ ಗಾಳಿ ಸೀಳುತ್ತದೆ. ಉಳಿದವುಗಳಲ್ಲಿ ನೀವು ಬೇರೆಯವರಿಗಾಗಿ ಬೆವರು ಸುರಿಸಬೇಕು. ಒಂದೇ ರೇಸನ್ನು ಇಬ್ಬರು ಕೇಳಿದರೆ ಹಿರಿಯನಿಗೆ ಮೊದಲ ಹಕ್ಕು. ಸಿದ್ದಣ್ಣನಿಗೂ ನನಗೂ ಆರಿಸುವ ಹಕ್ಕು ಸಿಕ್ಕಿದ್ದು ಆ ವರ್ಷವೇ, ಇಬ್ಬರಲ್ಲಿ ಹಿರಿಯ ಅವನು. ಅವನ ಜೀವವೆಲ್ಲ ಘಟ್ಟ ಹತ್ತುವ ರೇಸಿನ ಮೇಲಿತ್ತು — ಅವನು ಗೆಲ್ಲದೆ ಉಳಿದಿದ್ದ ದೊಡ್ಡ ರೇಸ್ ಅದೊಂದೇ. ನನಗೂ ಅದೇ ಬೇಕಿತ್ತು. ಅವನು ಕೇಳಿದರೆ ನನಗಿಲ್ಲ.

ಕೇಳಬೇಕೋ ಬೇಡವೋ ಎಂದು ತೀರ್ಮಾನಿಸಲು ಅವನದೊಂದು ಕ್ರಮವಿತ್ತು. ಅದು ಅವನ ಅಪ್ಪ ಹಾಕಿಕೊಟ್ಟದ್ದು. ಅಪ್ಪ ಕಾರ್ಖಾನೆಯ ಕಾರ್ಮಿಕ, ಜೀವಮಾನವೆಲ್ಲ ಸೈಕಲ್ಲಿನಲ್ಲೇ ಶಿಫ್ಟಿಗೆ ಹೋದವನು. ಬೆಳಗಿನ ಆರರ ಸೈರನ್ನಿಗೆ ಭದ್ರಾವತಿ ಬಿಟ್ಟು ಇಪ್ಪತ್ತೆಂಟು ನಿಮಿಷದೊಳಗೆ ಶಿವಮೊಗ್ಗದ ವಿದ್ಯಾನಗರ ಮುಟ್ಟಿದರೆ ಆ ಸಲ ಗುಡ್ಡದ ರೇಸ್, ಮುಟ್ಟದಿದ್ದರೆ ಬಯಲಿನದು — ಇಷ್ಟೇ ಆ ಹಿರಿಯ ಹೇಳಿದ್ದು. ವರ್ಷವಿಡೀ ಸಿದ್ದಣ್ಣನ ಹ್ಯಾಂಡಲ್ ಮೇಲೆ ವೇಗ, ಸಮಯ ತೋರಿಸುವ ಪುಟ್ಟ ಕಂಪ್ಯೂಟರ್ ಇರುತ್ತದೆ. ಡಿಸೆಂಬರಿನ ಆ ಒಂದು ದಿನ ಮಾತ್ರ ಅದನ್ನು ಬಿಚ್ಚಿಟ್ಟು ಬರುತ್ತಾನೆ. ಅಂಕಿ ನೋಡಿದರೆ ಅಂಕಿಗೆ ತಕ್ಕಷ್ಟು ತುಳಿಯುತ್ತೇನೆ, ನೋಡದಿದ್ದರೆ ಕಾಲಿಗೆ ತಕ್ಕಷ್ಟು ತುಳಿಯುತ್ತೇನೆ ಎನ್ನುವುದು ಅವನ ವಾದ. ಸೈರನ್ ಕೂಗಿದ ಕೂಡಲೇ ಅವನ ಹೆಂಡತಿ ಗೌರಕ್ಕ ನನಗೊಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಫೋನ್ ರಿಂಗಾದ ತಕ್ಷಣ ವಿದ್ಯಾನಗರದ ನಮ್ಮ ಆಗಿನ ಮನೆ ಮುಂದೆ ನಿಂತ ನಾನು ವಾಚ್ ಒತ್ತುತ್ತೇನೆ. ಅವನು ನನ್ನನ್ನು ದಾಟಿದಾಗ ಮತ್ತೆ ಒತ್ತುತ್ತೇನೆ. ಸಾಕ್ಷಿ ಇಲ್ಲ, ಬರಹ ಇಲ್ಲ. ನಾನು ಹೇಳಿದ್ದೇ ವೇದವಾಕ್ಯ.

ಆ ದಿನ ಅವನು ಬಂದದ್ದನ್ನು ಈಗಲೂ ಕಾಣುತ್ತೇನೆ. ಬೆನ್ನು ಅಲುಗುತ್ತಿರಲಿಲ್ಲ, ಕಾಲು ಮಾತ್ರ ತಿರುಗುತ್ತಿತ್ತು. ನಾನು ಎಷ್ಟೇ ಅಭ್ಯಾಸ ಮಾಡಿದರೂ ಹಾಗೆ ತುಳಿಯಲಾರೆ ಎಂದು ನಿಂತಲ್ಲೇ ಅನ್ನಿಸಿತು. ಮೆಚ್ಚುಗೆಗೂ ಹೊಟ್ಟೆಕಿಚ್ಚಿಗೂ ಒಂದೇ ಗೋಡೆ ಅಡ್ಡ ಎಂದು ಆಗಲೇ ನನಗೆ ಗೊತ್ತಾಗಿದ್ದು. ಬ್ರೇಕ್ ಹಿಡಿದು, ತಿರುಗಿಸಿಕೊಂಡು ಬಂದು, ಏದುಸಿರಿನಲ್ಲೇ ಎಷ್ಟು ಎಂದು ಕೇಳಿದ. ನಾನು ಹೇಳಿದೆ. ಅವನು ವಾಚ್ ತೋರಿಸು ಎನ್ನಲಿಲ್ಲ. ಎಂದಾದರೂ ಅಂದಿದ್ದರೆ ತಾನೆ...

"ಹೋಗ್ಲಿ ಬಿಡು ಮಾರಾಯ," ಎಂದ. "ಗುಡ್ಡ ನೀನು ಕೇಳು. ನಾನು ನಿನ್ನ ಹತ್ತಿಸ್ತೀನಿ."

ಹತ್ತಿಸಿದ. ನಾನು ಆ ರೇಸ್ ಗೆದ್ದದ್ದು ನಿಜ, ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಕೈ ಎತ್ತಿದವನು ನಾನೇ. ಆದರೆ ಘಟ್ಟದ ಬುಡದಿಂದ ಕೊನೆಯ ಎರಡು ತಿರುವಿನವರೆಗೆ ನನ್ನ ಮುಂದೆ ಇದ್ದದ್ದು ಅವನ ಬೆನ್ನು. ನಾನು ಸೋತು ಹಿಂದೆ ಬಿದ್ದಾಗಲೆಲ್ಲ ತಿರುಗಿ ನೋಡದೆಯೇ ಅವನಿಗೆ ತಿಳಿಯುತ್ತಿತ್ತು, ವೇಗ ತಗ್ಗಿಸುತ್ತಿದ್ದ. ನನ್ನ ನೀರು ಮುಗಿದಾಗ ತನ್ನ ಬಾಟಲಿ ಹಿಂದಕ್ಕೆ ಚಾಚಿದ. ಕೊನೆಯಲ್ಲಿ ಪಕ್ಕಕ್ಕೆ ಸರಿದು, ಹೋಗು ಎಂದು ತಲೆಯಾಡಿಸಿದ. ಅವನ ಉಸಿರು ನನಗಿಂತ ಹಗುರಾಗಿತ್ತು. ಆ ದಿನ ಮನಸ್ಸು ಮಾಡಿದ್ದರೆ ಅವನು ನನ್ನನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಕೊಟ್ಟ ಮಾತಿಗೆ ಕಟ್ಟುಬಿದ್ದು ಹೋಗಲಿಲ್ಲ. ಮೇಲೆ ಬಂದು ನನ್ನನ್ನು ತಬ್ಬಿಕೊಂಡು ನನಗಿಂತ ಹೆಚ್ಚು ಸಂತೋಷಪಟ್ಟ.

ಆ ಗೆಲುವಿನಿಂದಲೇ ನನಗೆ ತರಬೇತುದಾರನ ಕೆಲಸ ಸಿಕ್ಕಿತು, ರವೀಂದ್ರನಗರದಲ್ಲಿ ಮನೆಯಾಯಿತು. ಸವಾರಿ ಬಿಟ್ಟೆ. ಆದರೆ ಪ್ರತಿ ಡಿಸೆಂಬರಿನಲ್ಲೂ ವಿದ್ಯಾನಗರಕ್ಕೆ ಹೋಗಿ ವಾಚ್ ಹಿಡಿಯುವುದನ್ನು ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಸುಳ್ಳು ಹೇಳಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅವನು ಮತ್ತೆಂದೂ ಇಪ್ಪತ್ತೆಂಟರ ಒಳಗೆ ಬರಲಿಲ್ಲ. ವಯಸ್ಸು ಅವನಿಗೂ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಂಡದಲ್ಲಿ ಯಾರಾದರೂ ಟೈಮ್ ಎಷ್ಟು ಎಂದು ಕೇಳಿದರೂ ನಾನು ಮಾತು ಬದಲಿಸುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ — ಹೀಗೆ ಆರು ವರ್ಷ.

ಕಳೆದ ವಾರ ಭದ್ರಾವತಿಯಲ್ಲಿ ಅವನ ಮನೆಗೆ ಹೋಗಿದ್ದೆ. ಇದೇ ಕೊನೆಯ ಸೀಸನ್ ಎಂದು ಅವನು ಗಟ್ಟಿ ಮಾಡಿಕೊಂಡಿದ್ದಾನೆ. ಊಟದ ಮೇಜಿನ ಮೇಲೆ ಪಟ್ಟಿ ಬರೆಯುತ್ತಿದ್ದ. ಮೂರೂ ಬಯಲು ರೇಸುಗಳೇ. ಯಾವುದರಲ್ಲಿ ಗಾಳಿ ಹೇಗೆ, ಯಾವುದಕ್ಕೆ ಎಷ್ಟು ವಾರದ ತಯಾರಿ ಎಂದು ಮೊದಲ ಸೀಸನ್ನಿನವನ ಹುಮ್ಮಸ್ಸಿನಲ್ಲಿ ವಿವರಿಸಿದ. ಘಟ್ಟದ ಹೆಸರೇ ಇಲ್ಲವಲ್ಲ ಎಂದೆ. ಅವನು ಪೆನ್ನಿನ ಕ್ಯಾಪ್ ಹಾಕುತ್ತಾ, ದೂರುವ ದನಿಯೂ ಇಲ್ಲದೆ ಹೇಳಿದ:

"ಒಳಗೆ ಬಂದ ವರ್ಷಗಳಲ್ಲಿ ಕೇಳೋ ಹಕ್ಕಿರ್ಲಿಲ್ಲ. ಹಕ್ಕು ಬಂದ್ಮೇಲೆ ಒಂದ್ ಸಲನೂ ಒಳಗೆ ಬರ್ಲಿಲ್ಲ. ನಂಗಲ್ಲ ಬಿಡು ಅದು."

ನಾನು ಹೇಳಿಬಿಟ್ಟೆ. ಪೀಠಿಕೆ ಹಾಕಲಿಲ್ಲ, ಹಾಕಿದ್ದರೆ ಮತ್ತೆ ತಪ್ಪಿಸಿಕೊಳ್ಳುತ್ತಿದ್ದೆ.

ಅವನು ಪೆನ್ನು ಕೆಳಗಿಟ್ಟ. ಹೊಡೆಯಲಿ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಎಷ್ಟು, ಇನ್ನೊಂದು ಸಲ ಹೇಳು ಎಂದ. ಇಪ್ಪತ್ತೇಳು ನಲವತ್ತೊಂದು ಎಂದೆ. ಆಗ ಅವನ ಮುಖ ಅರಳಿತು — ನಾನು ಎಂದೂ ಮರೆಯಲಾರದ ಹಾಗೆ ಅರಳಿತು. ಅಡುಗೆಮನೆಯ ಕಡೆ ತಿರುಗಿ ಕರೆದ.

"ಗೌರಿ, ಕೇಳಿದ್ಯಾ? ನಾನು ಒಳಗೆ ಬಂದಿದ್ನಂತೆ ಕಣೆ. ಮೂವತ್ತೈದರಲ್ಲಿ."

ಗೌರಕ್ಕ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಎಲ್ಲ ಅರ್ಥವಾಗಿತ್ತು, ಅವಳು ನೋಡಿದ್ದು ಅವನನ್ನಲ್ಲ, ನನ್ನನ್ನು. ಅವನ ಸಂತೋಷವೂ ಮೆಲ್ಲಗೆ ಇಳಿಯಿತು. ಯಾಕೆ ಹಾಗೆ ಮಾಡಿದೆ ಎಂದು ಮಾತ್ರ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳಲು ಆರು ವರ್ಷದಿಂದ ಒಂದು ಉತ್ತರ ತಯಾರು ಮಾಡಿ ಇಟ್ಟಿದ್ದೆ. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಪಟ್ಟಿಯ ಮೊದಲ ಹೆಸರನ್ನು ಹೊಡೆದುಹಾಕಿ ಅವನು ಘಟ್ಟದ ರೇಸ್ ಬರೆದ. ಒಳಗೋ ಹೊರಗೋ, ಈ ಸಲ ಕೇಳಿಯೇ ಕೇಳುತ್ತೇನೆ ಎಂದ. ನಾಳೆ ಬೆಳಿಗ್ಗೆ ಇನ್ನೊಂದು ಸಲ ತುಳಿದು ನೋಡುತ್ತೇನೆ ಎಂದೂ ಹೇಳಿದ. ನಾನು ಯಾವಾಗಿನಂತೆ ವಿದ್ಯಾನಗರದಲ್ಲಿ ಇರುತ್ತೇನೆ ಎಂದು ಎದ್ದೆ.

"ಬೇಡ," ಎಂದ ಸಿದ್ದಣ್ಣ. ದನಿ ಸಿಟ್ಟಿನದಾಗಿರಲಿಲ್ಲ. "ಅಲ್ಲಿ ಗೌರಿ ನಿಲ್ತಾಳೆ. ನೀನು ಇಲ್ಲಿಂದ ಮಿಸ್ಡ್ ಕಾಲ್ ಕೊಡು, ಸಾಕು."

ಮರುದಿನ ಆರಕ್ಕೆ ನಾನು ಭದ್ರಾವತಿಯಲ್ಲಿ ಅವನ ಸೀಟು ಹಿಡಿದು ನಿಂತಿದ್ದೆ. ಸೈರನ್ ಕೂಗಿತು, ಕೈ ಬಿಟ್ಟೆ, ಗೌರಕ್ಕನ ನಂಬರ್ ಒತ್ತಿದೆ. ನಲವತ್ತೊಂದರ ಆ ಬೆನ್ನು ಅಲುಗದೆ ಶಿವಮೊಗ್ಗದ ಕಡೆ ಹೋಯಿತು. ಎಷ್ಟು ನಿಮಿಷಕ್ಕೆ ಮುಟ್ಟಿದ ಎಂದು ಅವರಿಬ್ಬರೂ ನನಗೆ ಹೇಳಿಲ್ಲ. ನಾನು ಕೇಳಿಲ್ಲ.