ಅತ್ತೆ ಕುಯ್ದ ಲಾನು

ಆಫೀಸಿನ ಮುಂದೆ ಲಾನು ಕತ್ತರಿಸುವ ಮಿಷನ್ನು ಓಡಿದ ದಿನ ನನಗೆ ಕೆಲಸ ಓಡುವುದಿಲ್ಲ. ಇವತ್ತೂ ಹಾಗೇ ಆಯಿತು. ಹಸಿ ಹುಲ್ಲಿನ ವಾಸನೆ ಬಂದರೆ ಸಾಕು, ಅತ್ತೆ ನೆನಪಾಗುತ್ತಾಳೆ. ಗಾಬರಿಯಾಗಬೇಡಿ, ಹೆಂಡತಿಯ ತಾಯಿಯಲ್ಲ, ನನ್ನಪ್ಪನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು.

ಚಂದಾಪುರದಿಂದ ಆಚೆ ನಮ್ಮೂರು. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆ ರೂಮು. ಆದರೂ ಅತ್ತೆ ಒಂದು ಹಸುವನ್ನು ಬಿಟ್ಟಿರಲಿಲ್ಲ. ಬಾಡಿಗೆಯವರ ಬೈಕುಗಳ ಸಾಲಿನ ಕೊನೆಗೆ ಅದೂ ನಿಂತಿರುತ್ತಿತ್ತು. ಅದಕ್ಕೆ ಕೆರೆ ಅಂಗಳದ ಹುಲ್ಲೇ ಆಗಬೇಕು. ಅಂಗಡಿ ಮೇವು ತಂದರೆ ‘ಅದು ತಿನ್ನಾಕಿಲ್ಲ’ ಎನ್ನುತ್ತಿದ್ದಳು. ಹಸುವನ್ನು ಕೇಳಿದವರು ಯಾರೂ ಇಲ್ಲ.

ಕೆರೆಯ ಸುತ್ತ ನೀಲಗಿರಿ, ಹೊಂಗೆಗಳ ಕಾಡು. ಚಿಕ್ಕವರಿದ್ದಾಗ ಒಬ್ಬರೇ ಹೋಗಲು ಹೆದರುತ್ತಿದ್ದ ಜಾಗ. ಕೆಲವು ವರ್ಷಗಳ ಹಿಂದೆ ಅಲ್ಲಿ ಗೇಟು ಬಂತು, ಜೋಕಾಲಿ ಬಂತು, ಕಾಲಲ್ಲಿ ತುಳಿಯುವ ದೋಣಿ ಬಂತು. ಭಾನುವಾರ ಮಕ್ಕಳುಮರಿ ಕಟ್ಟಿಕೊಂಡು ಬರುವವರ ಸಂಭ್ರಮವೂ ಬಂತು. ನಾನು ಆಫೀಸಿನಲ್ಲಿ ‘ನಮ್ಮೂರಿನ ಕೆರೆ ಕಣ್ರೀ’ ಎಂದು ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಕೆರೆ ತೋಡಿದವನೇ ನಾನು ಎಂದು ಯಾರಾದರೂ ತಿಳಿದಿದ್ದರೆ ಆಶ್ಚರ್ಯವಿಲ್ಲ. ಕೊನೆಗೊಂದು ಭಾನುವಾರ ಮ್ಯಾನೇಜರನ್ನೂ ಅವರ ಮನೆಯವರನ್ನೂ ಕರೆದುಕೊಂಡು ಹೋದೆ.

ದೋಣಿಗೆ ಸರದಿ ನಿಂತಿದ್ದಾಗ ಗಾರ್ಡಿನ ಕೂಗಾಟ ಕೇಳಿಸಿತು. ನೋಡಿದರೆ ಅತ್ತೆ! ಕಾಡಿನ ಕಾಲುದಾರಿಯಿಂದ ಒಳಗೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸದಾಗಿ ಹಾಸಿದ ಲಾನನ್ನು ಕುಡುಗೋಲಿನಲ್ಲಿ ಬುಡಮಟ್ಟ ಕುಯ್ದು ಹೊರೆ ಕಟ್ಟುತ್ತಿದ್ದಾಳೆ.

“ಏನಮ್ಮಾ ಇದು? ಗಾರ್ಡನ್ ಹುಲ್ಲು!”

“ಅಲ್ಲ ಕಣಪ್ಪ, ಇಷ್ಟು ಚೆಂದಾಗಿ ಬೆಳ್ಸವ್ರೆ, ಕುಯ್ಯೋರೇ ಇಲ್ವಲ್ಲ ಅಂತ ಬಂದೆ.”

ಮ್ಯಾನೇಜರ ಮನೆಯವರು ನಕ್ಕರು. ನಾನೂ ನಕ್ಕೆ. ಗಾರ್ಡು ನನ್ನ ಕಡೆ ತಿರುಗಿ, “ಸಾರ್, ನೀವು ಇದೇ ಊರೋರಲ್ವಾ? ಈ ಯಮ್ಮ ಯಾರ ಮನೇವ್ರು?” ಎಂದ.

ನಾನು ಸುಮ್ಮನೆ ಬೆಲ್ಟು ಸರಿಮಾಡಿಕೊಂಡೆ.

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದಳು. “ಅವ್ರನ್ಯಾಕಪ್ಪ ಕೇಳ್ತೀಯ? ಅವ್ರ್ಯಾರೋ ಸಾಹೇಬ್ರು, ನಂಗೊತ್ತಿಲ್ಲ” ಎಂದು, ಹೊರೆಯನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲೇ ಹೋದಳು.

ಸಂಜೆ ಮನೆಗೆ ಹೋದಾಗ ಎಂದಿನಂತೆ ಮುದ್ದೆ ಬಡಿಸಿದಳು. ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾಚಿಕೆ ಆಗಿನಿಂದ ಒಳಗೇ ಕೂತಿದೆ.

ಇವತ್ತು ತಡೆಯಲಾಗದೆ ಅರ್ಧ ದಿನ ರಜೆ ಹಾಕಿ ಊರಿಗೆ ಹೋದೆ. ಹಸು ಈಗಿಲ್ಲ. ಅತ್ತೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ಅತ್ತೆ, ಅವತ್ತು ಕೆರೆ ಹತ್ರ ನಾನು ಸುಮ್ನಿದ್ಬಿಟ್ಟೆ. ತಪ್ಪಾಯ್ತು.”

“ಅದ್ಯಾಕ್ಲಾ ಈಗ? ನಾನೂ ನಿನ್ನ ಗೊತ್ತಿಲ್ಲ ಅಂದ್ನಲ್ಲ. ಇಬ್ರಿಗೂ ಸಮ ಆಯ್ತು, ಬುಡು.”

ಹೇಗೆ ಸಮವಾಗುತ್ತದೆ, ನೀವೇ ಹೇಳಿ. ಅವಳು ಹಾಗೆಂದದ್ದು ನನ್ನ ಮಾನ ಉಳಿಸುವುದಕ್ಕೆ. ಅವಳನ್ನು ಎಬ್ಬಿಸಿ ಕೆರೆಗೆ ಕರೆದುಕೊಂಡು ಹೋದೆ. ಗೇಟಿನಲ್ಲಿ ಬೇರೆ ಗಾರ್ಡು. ಅವನು ಏನೂ ಕೇಳಿರಲಿಲ್ಲ, ಆದರೂ ಹೇಳಿದೆ: “ಇವ್ರು ನಮ್ಮತ್ತೆ. ನನ್ನ ಸಾಕಿದೋರು.”

ಅವನು ತಬ್ಬಿಬ್ಬಾಗಿ “ಸರಿ ಸಾರ್” ಎಂದ. ಒಳಗೆ ಬೆಂಚಿನ ಮೇಲೆ ಕೂತಿದ್ದ, ಯಾರೆಂದೇ ಗೊತ್ತಿಲ್ಲದ ಗಂಡಹೆಂಡತಿಗೂ ಹೇಳಿದೆ.

“ಸಾಕು ಸುಮ್ಕಿರ್ಲಾ, ಹುಚ್ಚ ಅಂದ್ಕಂತಾರೆ” ಎಂದು ಅತ್ತೆ ನನ್ನ ಕೈ ಜಗ್ಗಿದಳು. ಜಗ್ಗಿದ ಕೈಯನ್ನು ಆಮೇಲೆ ಬಿಡಲಿಲ್ಲ.